ಅಲ್ಪಾನಿಯಾ, ಕಲ್ಪಾನಿಯಾ ಮತ್ತು ತಾತನ ಟವೆಲು

ಚಂದನ ಮತ್ತು ನಾಗೇಶನ ನಡುವಿನ ಯುದ್ಧ ಶುರುವಾದದ್ದು ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ, ಸ್ಪಂಜು ಹರಿದುಹೋದ ಒಂದು ಸೀಟಿನ ಮೇಲೆ. ಬೆಳಿಗ್ಗೆ ಏಳಕ್ಕೆ ಆತಗೂರು ಬಿಟ್ಟು, ಮದ್ದೂರಿನಲ್ಲಿ ಇಳಿದು, ಮಂಡ್ಯದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ತಾತನ ಹಳೆಯ ಚೌಕಳಿ ಟವೆಲನ್ನು ಒಳಗೆಸೆದು ಸೀಟು ಹಿಡಿಯುವುದು ಚಂದನಳ ದಿನಚರಿ. ಅವತ್ತು ಜನರನ್ನು ಸೀಳಿಕೊಂಡು ಒಳಗೆ ಹೋಗುವಷ್ಟರಲ್ಲಿ ಟವೆಲು ನೆಲದ ಮೇಲಿತ್ತು, ನಾಗೇಶ ಸೀಟಿನ ಮೇಲಿದ್ದ.

"ಏಳ್ಲಾ ಮ್ಯಾಕೆ. ಟವೆಲ್ ಆಕಿದ್ ಕಾಣ್ನಿಲ್ವಾ?"

"ಫ್ರೀ ಟಿಕೆಟ್ಗೆ ರಿಸರ್ವೇಸನ್ ಬೇರೆ ಕೇಡು," ಎಂದ ನಾಗೇಶ, ಕಾಲು ಇನ್ನಷ್ಟು ಚಾಚಿ. "ನಾನು ದುಡ್ಡು ಕೊಟ್ಟಿವ್ನಿ ಕಣಮ್ಮಿ. ನಿಂತ್ಕಂಡ್ ಬಾ, ಮಂಡಿಗೆ ಒಳ್ಳೇದು."

"ನಿನ್ ಮುಸುಡಿಗೆ ಸೀಟ್ ಯಾಕ್ಲಾ? ಡಿಕ್ಕೀಲಿ ಆಕುದ್ರೂ ಲಗೇಜು ಬೇಜಾರ್ ಮಾಡ್ಕತದೆ."

ಮಂಡ್ಯದಲ್ಲಿ ಇಬ್ಬರೂ ವಿಶ್ವವಿದ್ಯಾಲಯದ ಒಂದೇ ಗೇಟಿನಲ್ಲಿ ನುಗ್ಗಿ, ಒಂದೇ ಮೆಟ್ಟಿಲು ಹತ್ತಿ, ಒಂದೇ ತರಗತಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ಎಂ.ಎ., ಅಂತಾರಾಷ್ಟ್ರೀಯ ಸಂಬಂಧಗಳು. ಸಂಬಂಧವೇ ಬೇಡವೆಂದವರು ಸಂಬಂಧದ ಮೇಲೇ ಎರಡು ವರ್ಷ ಓದಬೇಕಾಯಿತು. ಆ ಎರಡು ವರ್ಷದಲ್ಲಿ ಅವಳು ಅವನ ಪ್ರಬಂಧ ಎಲ್ಲಿಂದ ಕದ್ದದ್ದೆಂದು ಮೇಷ್ಟರಿಗೆ ತೋರಿಸಿಕೊಟ್ಟಳು. ಅವನು ಲೈಬ್ರರಿಯಲ್ಲಿ ಅವಳಿಗೆ ಬೇಕಾದ ಪುಸ್ತಕಗಳನ್ನೆಲ್ಲ ಕೃಷಿ ವಿಭಾಗದ ಗೊಬ್ಬರದ ಪುಸ್ತಕಗಳ ಹಿಂದೆ ಹೂತಿಟ್ಟ. ಅಂಕಗಳಲ್ಲಿ ಮಾತ್ರ ಇಬ್ಬರೂ ಸರಿಸಮ, ಅದೂ ಇಬ್ಬರಿಗೂ ಸಹಿಸಲಾಗದ ವಿಷಯ.

ಕೊನೆಯ ಪರೀಕ್ಷೆ 'ಅಂತಾರಾಷ್ಟ್ರೀಯ ಸಂಧಾನ'. ಅದನ್ನು ಕಲಿಸುತ್ತಿದ್ದ ಡಾಕ್ಟರ್ ಶಿವರಾಮು ಸಂಧಾನದ ಬಗ್ಗೆ ಮೂರು ಪುಸ್ತಕ ಬರೆದವರು, ಪಕ್ಕದ ಕೋಣೆಯ ಪ್ರಾಧ್ಯಾಪಕರ ಜೊತೆ ಫ್ಯಾನಿನ ವಿಚಾರಕ್ಕೆ ಆರು ವರ್ಷದಿಂದ ಮಾತು ಬಿಟ್ಟವರು. ಇದರಲ್ಲಿ ಗೆದ್ದವರಿಗೆ ಜಿನೀವಾದಲ್ಲಿ ಆರು ವಾರದ ತರಬೇತಿ, ಒಂದೇ ಸೀಟು. ಚಂದನಳಿಗೆ ಆ ಸೀಟು ಎಷ್ಟು ಬೇಕಿತ್ತೆಂದರೆ, ಆತಗೂರಿನ ಅಂಗಡಿಯಲ್ಲಿ ಉಪ್ಪು ಕೊಳ್ಳುವಾಗಲೂ ಮನಸ್ಸಿನಲ್ಲೇ ಫ್ರೆಂಚಿನಲ್ಲಿ ಕೇಳುತ್ತಿದ್ದಳು.

ಪರೀಕ್ಷೆಗೆ ಶಿವರಾಮು ಎರಡು ದೇಶ ಹುಟ್ಟಿಸಿದ್ದರು. ಅಲ್ಪಾನಿಯಾದ ದ್ವೀಪವೊಂದರಲ್ಲಿ ಕಲ್ಪಾನಿಯಾದ ಸೈನ್ಯ ಕೂತಿದೆ, ಎಷ್ಟು ತಿಂಗಳಲ್ಲಿ ಎದ್ದು ಹೋಗಬೇಕು? ಅಲ್ಪಾನಿಯಾ ಚಂದನಳದು, ಅವಳ ಬೇಡಿಕೆ ಎರಡು ತಿಂಗಳು. ಕಲ್ಪಾನಿಯಾ ನಾಗೇಶನದು, ಅವನದು ಹತ್ತು. ಬೇರೆಯವರ ಸೀಟಿನಲ್ಲಿ ಕೂತು ಏಳದಿರುವುದು ಅವನಿಗೆ ಅಭ್ಯಾಸವಿದ್ದ ಕೆಲಸ. ಶಿವರಾಮು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: 'ಮೊದಲು ಬಗ್ಗಿದವರು ಸೋತರು.' ಸಂಜೆ ಐದರೊಳಗೆ ಒಪ್ಪಂದವಾಗದಿದ್ದರೆ ಇಬ್ಬರಿಗೂ ಸೊನ್ನೆ, ಸೀಟು ಬೇರೆ ವಿಶ್ವವಿದ್ಯಾಲಯದ ಪಾಲು.

ಹತ್ತಕ್ಕೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಗ್ರಾಂಥಿಕ ಭಾಷೆ ಬಿಟ್ಟು ಊರಿಗೆ ಬಂದಿತ್ತು.

"ಮಾನ್ಯ ಕಲ್ಪಾನಿಯಾದ ಮಂತ್ರಿಗಳು ಆಕಳಿಸುತ್ತಿದ್ದಾರೆ," ಎಂದಳು ಚಂದನ.

"ಎದುರ್ಗಡೆ ಇರೋ ಮೊಕ ನೋಡುದ್ರೆ ಯಾರ್ಗಾದ್ರೂ ಆಕಳ್ಕೆ ಬತ್ತದೆ."

"ಎರಡೇ ತಿಂಗ್ಳು. ಗಂಟು ಮೂಟೆ ಕಟ್ಟು."

"ಹತ್ತು. ಒಂದಿನ ಕಮ್ಮಿ ಇಲ್ಲ. ಬೇಕಾದ್ರೆ ನಿನ್ ದ್ವೀಪವ ಎತ್ಕಂಡ್ ಓಗು."

ಹಿಂದೆ ಕೂತಿದ್ದ ತರಗತಿಯೂ ಎರಡು ಭಾಗವಾಗಿತ್ತು. ಒಬ್ಬರು ಉಸಿರು ಬಿಟ್ಟರೂ ಇನ್ನೊಂದು ಕಡೆಯವರು "ಬಗ್ಗುದ್ಲು", "ಬಗ್ಗುದ" ಎಂದು ಕೂಗುತ್ತಿದ್ದರು. ನಾಲ್ಕು ಮೊಬೈಲುಗಳು ವಿಡಿಯೋ ತೆಗೆಯುತ್ತಿದ್ದವು. ಮೂರು ಗಂಟೆಗೂ ಎರಡು–ಹತ್ತು, ನಾಲ್ಕು ಗಂಟೆಗೂ ಎರಡು–ಹತ್ತು. ನಾಲ್ಕೂ ನಲವತ್ತಕ್ಕೆ ಚಂದನ ಗಡಿಯಾರ ನೋಡಿದಳು, ನಾಗೇಶನ ಹಣೆಯ ಬೆವರನ್ನೂ ನೋಡಿದಳು. ಇಬ್ಬರಿಗೂ ನಡುವಿನಲ್ಲಿ ನಿಲ್ಲುವ ಆಸೆಯಿದೆ, ಆದರೆ ಇಷ್ಟು ಕಣ್ಣುಗಳ ಮುಂದೆ ಮೊದಲ ಹೆಜ್ಜೆ ಇಡುವಂತಿಲ್ಲ. ಅವಳು ಬ್ಯಾಗಿನಿಂದ ತಾತನ ಟವೆಲು ತೆಗೆದು ಮೇಜಿನ ಮೇಲೆ ಹರಡಿ, ಅದರ ಕೆಳಗೆ ಕೈಯಿಟ್ಟಳು.

ನಾಗೇಶನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಚಂದನಳ ತಾತ ಮರಿಸಿದ್ದಯ್ಯ ದನದ ದಲ್ಲಾಳಿ, ನಾಗೇಶನ ಅಪ್ಪ ಚಿಕ್ಕಬೋರಯ್ಯನೂ ದನದ ದಲ್ಲಾಳಿ. ಸಂತೆಯಲ್ಲಿ ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಇಬ್ಬರ ಕೈ ಮೇಲೆ ಟವೆಲು, ಒಳಗೆ ಬೆರಳು ಹಿಡಿದು ಲೆಕ್ಕ. ಒಂದು ಬೆರಳಿಗೆ ಒಂದು, ಇಡೀ ಅಂಗೈಗೆ ಐದು, ಅಂಗೈ ಹಿಡಿದುಬಿಟ್ಟು ಬೆರಳು ಹಿಡಿದರೆ ಐದರ ಮೇಲಿನದು. ಸುತ್ತ ನೂರು ಜನ ನಿಂತಿದ್ದರೂ ಯಾರು ಎಷ್ಟು ಇಳಿದರು, ಯಾರು ಮೊದಲು ಸೋತರು ಎಂದು ಯಾರಿಗೂ ತಿಳಿಯದು. ಅದನ್ನು ಆಮೇಲೂ ಹೇಳುವಂತಿಲ್ಲ. ಲಿಂಗಯ್ಯ ಎಂಬೊಬ್ಬ ದಲ್ಲಾಳಿ ಒಮ್ಮೆ ಟೀ ಅಂಗಡಿಯಲ್ಲಿ ಹೇಳಿಬಿಟ್ಟಿದ್ದ. ಅವತ್ತಿನಿಂದ ಸಂತೆಯಲ್ಲಿ ಅವನ ಕೈಗೆ ಯಾರೂ ಕೈ ಕೊಡಲಿಲ್ಲ. ಈಗ ಅದೇ ಸಂತೆಯ ಗೇಟಿನಲ್ಲಿ ಸ್ಕೂಟರುಗಳಿಗೆ ಪಾರ್ಕಿಂಗ್ ಚೀಟಿ ಹರಿದುಕೊಡುತ್ತಾನೆ.

ನಾಗೇಶ ಕೈ ತೂರಿಸಿದ. ತರಗತಿಗೆ ತರಗತಿಯೇ ಶಿಳ್ಳೆ ಹಾಕಿತು.

"ಪಾಣಿಗ್ರಹಣ ಕಣ್ರೋ! ಅಕ್ಷತೆ ತಕ್ಕಬರ್ರೋ!"

ಒಳಗೆ ನಡೆಯುತ್ತಿದ್ದುದು ಪಾಣಿಗ್ರಹಣವಲ್ಲ, ಪ್ರಾಣಗ್ರಹಣ. ಚಂದನ ಮೊದಲು ಎರಡು ಬೆರಳು ಹಿಡಿದಳು. ನಾಗೇಶ ಅಂಗೈಯನ್ನು ಎರಡು ಸಲ ಹಿಸುಕಿ ಹತ್ತೆಂದ, ಜೊತೆಗೆ ಉಗುರನ್ನೂ ಊರಿದ. ಅವಳು ಅವನ ಕಿರುಬೆರಳನ್ನು ಹಿಂದಕ್ಕೆ ಮಡಚಿದಳು. ಗಡಿಯಾರದ ಮುಳ್ಳು ಸರಿಯಿತು. ಹಲ್ಲು ಕಚ್ಚಿಕೊಂಡು ಅವಳು ಮೂರು ಬೆರಳು ಹಿಡಿದಳು. ಮೊದಲು ಬಗ್ಗಿದ್ದು ಅವಳೇ. ಮರುಕ್ಷಣ ಅವನು ಒಂಬತ್ತಕ್ಕಿಳಿದ. ಆಮೇಲೆ ನಾಲ್ಕು, ಎಂಟು, ಐದು, ಏಳು. ಕೊನೆಗೆ ಅಂಗೈ, ಬಿಟ್ಟು, ಒಂದು ಬೆರಳು.

"ಆರು," ಎಂದರು ಇಬ್ಬರೂ ಒಟ್ಟಿಗೆ, ಟವೆಲು ತೆಗೆಯುತ್ತಾ. ಅವಳ ಕೈ ಮೇಲೆ ನಾಲ್ಕು ಉಗುರಿನ ಗುರುತು, ಅವನ ಕಿರುಬೆರಳು ಬದನೆಕಾಯಿಯ ಬಣ್ಣ.

ಶಿವರಾಮು ಸಿಡಿದರು. "ಇದೇನ್ರೀ ಇದು, ಗಿಳಿಶಾಸ್ತ್ರಾನಾ? ಇಬ್ಬರೂ ನಾಲ್ಕು ನಾಲ್ಕು ತಿಂಗಳು ಬಿಟ್ಟುಕೊಟ್ಟಿದ್ದೀರ. ಸಮ ಸಮ ಆದರೆ ಸೀಟು ಯಾರಿಗೆ ಕೊಡಲಿ? ಮೊದಲು ಬಗ್ಗಿದವರು ಯಾರು ಅಂತ ಇಬ್ಬರೂ ಒಂದೊಂದು ಚೀಟಿಯಲ್ಲಿ ಬರೆದುಕೊಡಿ. ಬರೆಯದಿದ್ದವರಿಗೆ ಸೊನ್ನೆ."

ಚಂದನ ಚೀಟಿಯ ಮೇಲೆ ಪೆನ್ನು ಇಟ್ಟಳು. ನಿಜ ಬರೆದರೆ ಸೀಟು ಅವನಿಗೆ. ಸುಳ್ಳು ಬರೆದರೆ ಅರ್ಧ ಅವಕಾಶವಾದರೂ ಇತ್ತು. ಆದರೆ ಎರಡಕ್ಕೂ ಟವೆಲು ಬಿಚ್ಚಬೇಕು. ಸ್ಕೂಟರು ಚೀಟಿ ಹಿಡಿದ ಲಿಂಗಯ್ಯ ಕಣ್ಣ ಮುಂದೆ ಬಂದ. ಚೀಟಿಯನ್ನು ಖಾಲಿಯಾಗಿಯೇ ಮಡಚಿಕೊಟ್ಟಳು. ನಾಗೇಶನೂ ಹಾಗೇ ಮಾಡುತ್ತಾನೆಂದು ಅವಳಿಗೆ ಗ್ಯಾರಂಟಿ ಇತ್ತು. ಅವನೆಷ್ಟೇ ನೀಚನಾದರೂ ದಲ್ಲಾಳಿಯ ಮಗ.

ಶಿವರಾಮು ಅವನ ಚೀಟಿಯನ್ನು ಗಟ್ಟಿಯಾಗಿ ಓದಿದರು: "ಮೊದಲು ಬಗ್ಗಿದ್ದು ಚಂದನ. ಎರಡರಿಂದ ಮೂರಕ್ಕೆ."

ಅರ್ಧ ತರಗತಿ ಮೇಜು ಕುಟ್ಟಿತು. ಸೀಟು ನಾಗೇಶನಿಗೆ, ಚಂದನಳಿಗೆ ಸೊನ್ನೆ. ಅವಳು ಟವೆಲು ಮಡಚಿ ಬ್ಯಾಗಿಗೆ ತುರುಕಿದಳು.

"ಥೂ ನಿನ್ ಜನ್ಮಕ್ಕೆ," ಎಂದಳು ಬಾಗಿಲಲ್ಲಿ.

"ಜಿನೀವಾದಿಂದ ಚಾಕಲೇಟ್ ತರ್ಲಾ?" ಎಂದ ಅವನು.

ಆ ನಾಲ್ಕು ಮೊಬೈಲುಗಳಲ್ಲಿ ಒಂದು ಮದ್ದೂರಿನ ಹುಡುಗನದು. ವಿಡಿಯೋ ಸಂತೆಗೆ ಎತ್ತುಗಳಿಗಿಂತ ಮೊದಲೇ ತಲುಪಿತ್ತು. ಸಂತೆ ದಿನ ಚಂದನ ತಾತನಿಗೆ ಬುತ್ತಿ ತೆಗೆದುಕೊಂಡು ಹೋದಾಗ ಚಿಕ್ಕಬೋರಯ್ಯ ಒಂದು ಜೊತೆ ಹಳ್ಳಿಕಾರ್ ಎತ್ತಿನ ಪಕ್ಕ ನಿಂತು, ಮರಿಸಿದ್ದಯ್ಯನ ಕಡೆ ಕೈ ಚಾಚಿದ್ದ. ತಾತ ಹೆಗಲ ಮೇಲಿನ ಟವೆಲನ್ನು ತೆಗೆದು ನಿಧಾನಕ್ಕೆ ತಲೆಗೆ ಸುತ್ತಿಕೊಂಡ.

"ಬಾಯಲ್ಲೇ ಯೋಳಪ್ಪ. ನಿಮ್ ವಂಸದೋರು ಈಗ ಬಾಯಲ್ಲೇ ವ್ಯಾಪಾರ ಮಾಡ್ತಾರಂತಲ್ಲ."

"ಅದು ಐಕ್ಳ ಪರೀಕ್ಸೆ ಕಣಯ್ಯಾ. ಆಟ."

"ಆಟುಕ್ಕೇ ಬಾಯ್ಬುಟ್ಟೋನು ದಿಟುಕ್ಕೆ ಮುಚ್ಕಂಡಿರ್ತಾನಾ?"

ಚಿಕ್ಕಬೋರಯ್ಯ ಪಕ್ಕದವನಿಗೆ ಕೈ ಚಾಚಿದ. ಪಕ್ಕದವನಿಗೆ ಇದ್ದಕ್ಕಿದ್ದಂತೆ ಬೀಡಿ ಹಚ್ಚುವ ಕೆಲಸ ಬಂತು. ಅದರಾಚೆಯವನು ಎರಡೂ ಕೈಯಿಂದ ಹಗ್ಗ ಬಿಗಿಯತೊಡಗಿದ. ಸಂಜೆಯವರೆಗೂ ಚಿಕ್ಕಬೋರಯ್ಯನ ಕೈ ನಿಲ್ಲದ ಬಸ್ಸಿಗೆ ಅಡ್ಡ ಹಾಕಿದಂತೆ ಗಾಳಿಯಲ್ಲೇ ಇತ್ತು. ಗೇಟಿನಲ್ಲಿ ಲಿಂಗಯ್ಯ ಚೀಟಿ ಹರಿಯುತ್ತಾ, "ಬಾರಪ್ಪ, ಇಲ್ಲಿ ಇನ್ನೊಂದು ಕುರ್ಚಿ ಅದೆ," ಎಂದ.

ಮಾರನೆಯ ಬೆಳಿಗ್ಗೆ ಚಂದನ ಲೈಬ್ರರಿ ಪುಸ್ತಕ ವಾಪಸು ಕೊಡಲು ಮಂಡ್ಯಕ್ಕೆ ಹೊರಟಿದ್ದಾಗ, ಮದ್ದೂರು ಸ್ಟ್ಯಾಂಡಿನಲ್ಲಿ ನಾಗೇಶ ಅವಳ ಎದುರು ಬಂದು ನಿಂತ. ಕೆನ್ನೆಯ ಮೇಲೆ ಅಪ್ಪನ ಐದು ಬೆರಳಿನ ಲೆಕ್ಕ ಟವೆಲಿಲ್ಲದೆಯೇ ಕಾಣುತ್ತಿತ್ತು.

"ಒಂದ್ ಮಾತು. ಮೇಷ್ಟ್ರತ್ರ ಓಗಿ, ನಾನು ಬರ್ದಿದ್ದು ಸುಳ್ಳು ಅಂತ ಅಂತೀನಿ. ನೀನೂ ಊಂ ಅನ್ನು. ಸುಳ್ಳು ಅಂದ್ಮೇಲೆ ಟವೆಲಿನ್ ಗುಟ್ಟು ಆಚ್ಗೇ ಬಂದಿಲ್ಲ ಅಂತಾಯ್ತಲ್ವಾ? ಸುಳ್ ಬರ್ದೋನ್ ಸೀಟು ನಿಂಗೇ ಬತ್ತದೆ, ಜಿನೀವಾ ನೀನೇ ಇಟ್ಕೊ. ನಮ್ಮಪ್ಪನ ಕೈ ಇಡಿಯಕ್ಕೆ ನಿಮ್ ತಾತನ್ಗೆ ಯೋಳು."

ಎರಡು ವರ್ಷದಲ್ಲಿ ಆ ವಿಭಾಗದಲ್ಲಿ ಇಷ್ಟು ಒಳ್ಳೆಯ ಸಂಧಾನದ ಪ್ರಸ್ತಾವ ಯಾರ ಬಾಯಿಂದಲೂ ಬಂದಿರಲಿಲ್ಲ. ಒಂದು 'ಹೂಂ', ಅಷ್ಟೇ. ಚಂದನಳಿಗೆ ಮದ್ದೂರಿನ ಸ್ಟ್ಯಾಂಡು ಒಂದು ಗಳಿಗೆ ಜಿನೀವಾದ ನೀಲಿ ಸರೋವರದಂತೆ ಕಂಡಿತು. ಬಾಯಿ ತೆರೆದೂಬಿಟ್ಟಳು.

"ಯಾಕ್ ಯೋಚ್ನೆ? ಜಿನೀವಾ ಬ್ಯಾಡ್ವಾ ನಿಂಗೆ?"

"ಬೇಕು ಕಣ್ಲಾ. ನಿಂಗಿಂತ ಜಾಸ್ತಿ ಬೇಕು. ಅದ್ಕೇ ಒಟ್ಟೆ ಉರೀತಾ ಅದೆ." ಅವಳು ಅವನ ಕೆನ್ನೆಯನ್ನು ಚೆನ್ನಾಗಿ ನೋಡಿದಳು. "ಆದ್ರೆ ಟವೆಲೊಳ್ಗೆ ಇಂಗಾಯ್ತು ಅನ್ನೋದೂ ಬಾಯ್ಬುಡೋದೇ, ಇಂಗಾಗ್ಲಿಲ್ಲ ಅನ್ನೋದೂ ಬಾಯ್ಬುಡೋದೇ. ಆಮ್ಯಾಕೆ ನಮ್ ತಾತ ನಿಮ್ಮಪ್ಪನ್ ಪಕ್ಕ ಗೇಟಲ್ಲಿ ಕುಂತು ಚೀಟಿ ಅರೀಬೇಕು. ನಿಮ್ಮಪ್ಪನ್ ಪಕ್ಕ! ಓಗ್ಲಾ, ಓಗಿ ಚಾಕಲೇಟ್ ತಿನ್ನು."

ಬಸ್ಸು ಬಂತು. ಅವಳು ಓಡಿ ಕಿಟಕಿಯಿಂದ ಟವೆಲು ಎಸೆದಳು. ಅವನು ಹಿಂದೆಯೇ ನುಗ್ಗಿದ, ಆದರೆ ಈ ಸಲ ಟವೆಲನ್ನು ಮುಟ್ಟುವ ಧೈರ್ಯವಾಗಲಿಲ್ಲ. ಅವಳು ಬಂದು ಕಿಟಕಿಯ ಪಕ್ಕ ಕೂತು, ಟವೆಲನ್ನು ಬಿಡಿಸಿ ಪಕ್ಕದ ಸೀಟಿಗೂ ಹಾಸಿದಳು.

"ಅಲ್ಲಿ ಯಾರ್ ಬತ್ತಾರೆ?" ಎಂದ ನಾಗೇಶ.

"ಯಾರಾರಾ ಬತ್ತಾರೆ. ನಿನ್ ಬುಟ್ಟು."

ಕಂಡಕ್ಟರು ಬಂದು ಅವನಿಗೆ ದುಡ್ಡಿನ ಚೀಟಿ, ಅವಳಿಗೆ ಫ್ರೀ ಚೀಟಿ ಹರಿದುಕೊಟ್ಟ. ಚಂದನ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾಗೇಶ ಮಂಡ್ಯದವರೆಗೂ ಖಾಲಿ ಸೀಟಿನ ಪಕ್ಕ, ಊದಿದ ಕಿರುಬೆರಳಿನಲ್ಲಿ ಕಂಬಿ ಹಿಡಿದು ನಿಂತೇ ಹೋದ.