ಹೊರಗಿನಿಂದ ಕೇಳಿದ ಪ್ರಶ್ನೆ

ಬೈಲಹೊಂಗಲದ ಮಾರುಕಟ್ಟೆ ರಸ್ತೆಯ ಮಹಡಿಯೊಂದರಲ್ಲಿ ಸಂಘಮಿತ್ರಾ ಕೆಲಸ ಮಾಡುವ ಸಣ್ಣ ಕಂಪನಿಯಿದೆ. ಗ್ರಾಹಕರ ತಂತ್ರಾಂಶಗಳು ಕಂಟೇನರ್ ಎಂಬ ಪುಟ್ಟ ಪೊಟ್ಟಣಗಳೊಳಗೆ, ಅವರವರ ಕಂಪ್ಯೂಟರುಗಳ ಗುಂಪಾದ ಕ್ಲಸ್ಟರ್‌ಗಳಲ್ಲಿ ಓಡುತ್ತವೆ. ಯಾವ ಕಂಟೇನರ್ ಎಲ್ಲಿ ಓಡಬೇಕೆಂದು ಹೇಳುವ ಕಂಟ್ರೋಲ್ ಪ್ಲೇನ್ ಮಾತ್ರ ಕಂಪನಿಯ ಸರ್ವರ್‌ಗಳಲ್ಲಿರುತ್ತದೆ. ಅದು ಗ್ರಾಹಕರಿಗೆ ಸದಾ ಸಿಗುತ್ತಿದೆಯೇ ಎಂದು ನೋಡಿಕೊಳ್ಳುವುದು ಸಂಘಮಿತ್ರಾಳ ಕೆಲಸ.

ಹುಬ್ಬಳ್ಳಿಯ ಔಷಧಿ ವಿತರಕರ ಕಚೇರಿಯಿಂದ ಪೂನಮ್ ಎಂಬಾಕೆ ಎರಡು ಸಲ ಫೋನ್ ಮಾಡಿದ್ದಳು. ಹಳೆಯ ಕಂಟೇನರ್‌ಗಳು ಓಡುತ್ತಿವೆ, ಆದರೆ ಹೊಸದನ್ನು ಶುರುಮಾಡಲು ಹೋದರೆ ಉತ್ತರವೇ ಬರುವುದಿಲ್ಲ ಎಂಬುದು ಅವಳ ದೂರು. ಎರಡೂ ಸಲ ಕಚೇರಿಯ ತಪಾಸಣೆಯ ಪರದೆಯಲ್ಲಿ ಎಲ್ಲವೂ ಹಸಿರಾಗಿತ್ತು, ಅಂದರೆ ಸರಿಯಿತ್ತು. ತೊಂದರೆ ನಿಮ್ಮ ಕಡೆಯದೇ ಇರಬೇಕು ಎಂದು ಸಂಘಮಿತ್ರಾ ಹೇಳಿದ್ದಳು. ಪೂನಮ್ ತಾನೇ ತಪ್ಪು ಮಾಡಿದವಳಂತೆ ಕ್ಷಮೆ ಕೇಳಿ ಫೋನ್ ಇಟ್ಟಿದ್ದಳು.

ಶನಿವಾರ ಪೂನಮ್ಮಳ ಮೂರನೆಯ ಕರೆ ಬಂದಾಗ ಸಂಘಮಿತ್ರಾ ಮುರಗೋಡದಲ್ಲಿ ಚಿಗವ್ವ ಕೆಂಪವ್ವನ ಮನೆಯಲ್ಲಿದ್ದಳು. ಅಲ್ಲಿ ಕಚೇರಿಯ ಒಳಜಾಲದ ಸಂಪರ್ಕ ಇರಲಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ತೆರೆದು, ಗ್ರಾಹಕರಂತೆಯೇ ಹೊರಗಿನ ಇಂಟರ್ನೆಟ್ ದಾರಿಯಿಂದ ಕಂಟ್ರೋಲ್ ಪ್ಲೇನಿಗೆ ಪ್ರಶ್ನೆ ಕಳಿಸಿದಳು. ಉತ್ತರ ಬರಲಿಲ್ಲ. ಮೊಬೈಲಿನಲ್ಲಿ ತಪಾಸಣೆಯ ಪುಟ ನೋಡಿದರೆ ಹಸಿರು ಹಾಗೆಯೇ ಇತ್ತು. ಕೆಂಪವ್ವ ಬಡಿಸಿದ ರೊಟ್ಟಿ ತಣ್ಣಗಾಯಿತು. ಪೂನಮ್ ಹೇಳಿದ್ದೆಲ್ಲ ನಿಜವಾಗಿತ್ತು.

ಸೋಮವಾರ ಅವಳು ಹಿರಿಯ ಎಂಜಿನಿಯರ್ ವಿರೂಪಾಕ್ಷರ ಮುಂದೆ ಕುಳಿತಳು. ಕಚೇರಿಯ ಒಳಗಿನಿಂದಲೇ ಕೇಳಿ ಹಸಿರು ತೋರಿಸುತ್ತಿದ್ದ ಆ ತಪಾಸಣೆಯ ತಂತ್ರಾಂಶವನ್ನು ಬರೆದವರು ಅವರೇ.

"ಸರ್, ನಾವು ಒಳಗ ಕುಂತು ಬಾಗಲಾ ತೆಗದೈತೇನು ಅಂತ ಕೇಳಾಕ ಹತ್ತೇವಿ. ಹೊರಗ ನಿಂತವರಿಗೆ ಅದು ಮುಚ್ಚೇತ್ರಿ."

ವಿರೂಪಾಕ್ಷ ತಾವು ಬರೆದದ್ದನ್ನು ತೆರೆದು ಓದಿದರು. "ಇದು ನನಗ ಹೊಳೀಲೇ ಇಲ್ಲ ನೋಡ್ರಿ," ಎಂದರು. "ನೀವ ಹೊಸದು ಬರೀರಿ."

ಬೇರೆ ಬೇರೆ ಮೂರು ಊರುಗಳ ಸರ್ವರ್‌ಗಳಿಂದ ನಿಮಿಷಕ್ಕೊಮ್ಮೆ ಕಂಟ್ರೋಲ್ ಪ್ಲೇನಿಗೆ ಪ್ರಶ್ನೆ ಹೋಗಿ ಉತ್ತರಕ್ಕೆ ಕಾಯುವಂತೆ ಅವಳು ಬರೆದಳು. ಗುರುವಾರ ಬೆಳಿಗ್ಗೆ ಪರದೆ ಕೆಂಪಾಯಿತು. ಸಂಘಮಿತ್ರಾ ತಾನೇ ಪೂನಮ್‌ಗೆ ಫೋನ್ ಮಾಡಿ, ತೊಂದರೆ ನಮ್ಮದು, ಮೊದಲೂ ನಮ್ಮದೇ ಇತ್ತು ಎಂದು ಒಪ್ಪಿಕೊಂಡಳು.

ಪೂನಮ್ ನಕ್ಕಳು. "ನನಗ ಕೆಲಸಾನ ಬರೂದಿಲ್ಲ ಅಂತ ಅನಸಾಕ ಹತ್ತಿತ್ರಿ, ಅಕ್ಕಾರ."

ಹೊರಗಿನಿಂದ ಬಂದ ಪ್ರಶ್ನೆಗಳನ್ನು ಕಂಟ್ರೋಲ್ ಪ್ಲೇನಿಗೆ ದಾಟಿಸುವ ಸರ್ವರ್ ಒಂದು ಆಗಾಗ ನಿಂತುಬಿಡುತ್ತಿತ್ತು. ಸಂಜೆಯೊಳಗೆ ಅದನ್ನು ಬದಲಿಸಿದರು. ಆ ತಿಂಗಳ ಸೇವಾ ವರದಿಯಲ್ಲಿ ಸಂಘಮಿತ್ರಾ, ಪರದೆ ತೋರಿಸದೆ ಬಿಟ್ಟಿದ್ದ ಹಿಂದಿನ ಮೂರು ಅಡಚಣೆಗಳನ್ನೂ ಸೇರಿಸಿದಳು. ವಿರೂಪಾಕ್ಷ ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿ, ಇಬ್ಬರಿಗೂ ಚಹಾ ತರಿಸಿದರು.