ಒಸಿ ಕೂತ್ಕೊ, ಲೂರ್ದು

ಮೈಸೂರಿನ ಡಾಕ್ಟರು ಸ್ಕ್ಯಾನಿಂಗಿನ ಫಿಲಮ್ಮುಗಳನ್ನು ಕವರಿಗೆ ಹಾಕಿಕೊಟ್ಟು, "ಇನ್ನು ಮನೇಲೇ ಚೆನ್ನಾಗಿ ನೋಡಿಕೊಳ್ಳಿ, ನೋವಿಗೆ ಮಾತ್ರೆ ಬರೆದಿದ್ದೀನಿ" ಎಂದರು. ಅರುಳಪ್ಪನಿಗೆ ಅರ್ಥವಾಯಿತು. ಅವನ ಹೆಂಡತಿ ಲೂರ್ದಮ್ಮ ಕೇಳಿಸಿಕೊಂಡಿದ್ದು 'ಚೆನ್ನಾಗಿ ನೋಡಿಕೊಳ್ಳಿ' ಎಂಬಷ್ಟನ್ನೇ. ಚೆನ್ನಾಗಿ ನೋಡಿಕೊಂಡರೆ ವಾಸಿಯಾಗುತ್ತದೆ ಎಂದು ಹುಣಸೂರಿಗೆ ವಾಪಸು ಬರುವ ಬಸ್ಸಿನಲ್ಲೇ ಅವಳು ತೀರ್ಮಾನಿಸಿಬಿಟ್ಟಳು.

ಮಾರನೇ ದಿನದಿಂದ ಅವಳ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಕೆ.ಆರ್. ನಗರದ ಆಚೆ ಒಬ್ಬರು ಲಿವರಿನ ಗಡ್ಡೆಗೆ ಕಷಾಯ ಕೊಡುತ್ತಾರೆಂದು ಯಾರೋ ಹೇಳಿದರು. ಹೋಗಿ ಎರಡು ಬಾಟಲಿ ತಂದಳು. ಅರುಳಪ್ಪ ಕುಡಿದ ಅರ್ಧ ಗಂಟೆಗೆ ಎಲ್ಲವನ್ನೂ ಕಾರಿಕೊಂಡ. ಅದನ್ನು ಬಳಿದು, ತೊಳೆದು, ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿ, ಒಲೆಯ ಮೇಲೆ ಗಂಜಿಗಿಟ್ಟು, ಅದು ಕುದಿಯುವ ಮೊದಲೇ ಬೀದಿ ಬಾಗಿಲಿಗೆ ಬಂದು ನಿಂತಳು. ಜಗುಲಿಯ ಮಂಚದಿಂದ ಅರುಳಪ್ಪ, "ಒಸಿ ಕೂತ್ಕೊ, ಲೂರ್ದು" ಎಂದ. "ಕೂತ್ರೆ ಆಯ್ತದಾ?" ಎಂದು ಒಳಗೆ ಹೋದಳು.

ಆಮೇಲೆ ಪಿರಿಯಾಪಟ್ಟಣದಲ್ಲಿ ಒಂದು ಪ್ರಾರ್ಥನಾ ಕೂಟ ನಡೆಯಿತು. ಇವರು ಹೋಗುವ ಚರ್ಚಿನದ್ದಲ್ಲ, ಎಲ್ಲಿಂದಲೋ ಬಂದ ಬೋಧಕರದ್ದು. ಶಾಮಿಯಾನದ ತುಂಬ ಜನ. ಲೂರ್ದಮ್ಮ, ಬರಲಾರದ ಗಂಡನ ಬದಲಿಗೆ ಅವನ ಶರಟೊಂದನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಬೋಧಕ ಮೈಕಿನಲ್ಲಿ, "ದೇವರು ಗುಣ ಮಾಡೇ ಮಾಡುತ್ತಾನೆ! ಆದರೆ ನಿಮ್ಮ ಮನಸ್ಸಲ್ಲಿ ಎಳ್ಳಷ್ಟು ಅನುಮಾನ ಇದ್ದರೂ ಆ ವರ ನಿಮ್ಮ ಮನೆ ಬಾಗಿಲಿಂದ ವಾಪಸು ಹೋಗುತ್ತೆ" ಎಂದು ಕೂಗಿದ. ಎಲ್ಲರೂ ಕೈ ಎತ್ತಿದರು. ಅವಳೂ ಎತ್ತಿದಳು. ಆದರೆ ತನ್ನೊಳಗೆ ಅನುಮಾನವಿತ್ತು, ಅದು ಅವಳಿಗೆ ಗೊತ್ತಿತ್ತು.

ಅಂದಿನಿಂದ ಹೊಸ ದಿಗಿಲೊಂದು ಹಿಡಿಯಿತು. ಗಂಡನನ್ನು ಕೊಲ್ಲುತ್ತಿರುವುದು ತನ್ನ ಅನುಮಾನವೇ ಇರಬಹುದೇ? ಮನೆಯಲ್ಲಿ ಸಾವಿನ ಮಾತು ಸುಳಿಯದಂತೆ ಕಾವಲು ಕಾದಳು. ನೋಡಲು ಬಂದವರು ಕಣ್ಣೊರೆಸಿಕೊಂಡರೆ ಗದರಿದಳು. ಅರುಳಪ್ಪ, "ಫಾದರ್‌ನ ಕರ್ಸು, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ಲಿ" ಎಂದು ಎರಡು ಸಲ ಕೇಳಿದ. ಕಾಯಿಲೆಯವರ ಹಣೆಗೆ, ಕೈಗೆ ಎಣ್ಣೆ ಹಚ್ಚುವ ಆ ಪ್ರಾರ್ಥನೆಯನ್ನು ಅವಳು ತನ್ನ ಅಪ್ಪನ ಕೊನೆಗಾಲದಲ್ಲಿ ನೋಡಿದ್ದಳು. "ಫಾದರ್ ಊರಲ್ಲಿಲ್ಲ" ಎಂದು ಸುಳ್ಳು ಹೇಳಿದಳು. ಸಂಜೆ ಚರ್ಚಿನ ಗಂಟೆ ಹೊಡೆಯಿತು, ಫಾದರ್ ನಡೆಸುವ ಪೂಜೆಯ ಹಾಡೂ ಕೇಳಿಸಿತು. ಅರುಳಪ್ಪ ಮಲಗಿದಲ್ಲೇ ಶಿಲುಬೆಯ ಗುರುತು ಹಾಕಿಕೊಂಡ.

ಪಕ್ಕದ ಮನೆಯ ಯಶೋದಮ್ಮ ಒಂದು ಬೆಳಿಗ್ಗೆ ಓಡೋಡಿ ಬಂದಳು. "ಅಕ್ಕ, ಸರಗೂರತ್ರ ಒಬ್ರು ಬೇರು ಕೊಡ್ತರಂತೆ ಕಣಕ್ಕ. ನಮ್ಮತ್ತೆ ತಮ್ಮಂಗೆ ವಾಸಿ ಆಯ್ತಂತೆ. ಇವತ್ತೇ ವೋಗ್ಬುಟ್ ಬಾ, ನಾನು ಅಣ್ಣನ್ನ ನೋಡ್ಕತೀನಿ."

ಲೂರ್ದಮ್ಮ ಆಗಲೇ ಚೀಲ ಹುಡುಕುತ್ತಿದ್ದಳು. ಅರುಳಪ್ಪ ಕರೆದ. ಧ್ವನಿ ಸಣ್ಣಗಾಗಿತ್ತು.

"ಇವತ್ತು ಬ್ಯಾಡ ಕಣಮ್ಮಿ."

"ಹತ್ತು ಗಂಟೆ ಬಸ್ಸು ತಪ್ಪೋಯ್ತದೆ, ಸುಮ್ಕಿರಿ."

"ನಾನು ಸಾಯ್ತಿದೀನಿ, ಲೂರ್ದು. ನೀನು ಅದ್ನ ಕೇಳ್ಬಾರ್ದು ಅಂತ ಊರೂರು ಓಡ್ತಿದೀಯ."

ಅವಳ ಕೈಯಿಂದ ಚೀಲ ಜಾರಿತು. "ಬಾಯ್ಮುಚ್ಚಿ! ಭರವಸೆ ಬುಟ್ಬುಡು ಅಂತೀರಾ ನಂಗೆ?"

"ಬುಡು ಅಂದ್ನಾ?" ಅರುಳಪ್ಪ ದಿಂಬಿಗೆ ಒರಗಿ ಉಸಿರು ಎಳೆದುಕೊಂಡ. ಅವನು ಗಾರೆ ಕೆಲಸದವನು. ಊರಿನ ಕ್ರೈಸ್ತರ ಸ್ಮಶಾನದ ಮುಕ್ಕಾಲು ಸಮಾಧಿಗಳನ್ನು ಕಟ್ಟಿದವನು ಅವನೇ. "ಮೂವತ್ತು ವರ್ಸದಿಂದ ಗೋರಿ ಮ್ಯಾಲೆ 'ಪುನರುತ್ಥಾನದ ನಿರೀಕ್ಷೆಯಲ್ಲಿ' ಅಂತ ಬರ್ದಿದೀನಿ, ಸತ್ತೋರು ಎದ್ದು ಬರೋದ್ನ ಕಾಯ್ತಾ ಅಂತ. ಅಕ್ಸರ ಸೊಟ್ಟ ಆಗ್ದಿದ್ರೆ ಸಾಕು ಅಂತಿದ್ದೆ. ಅದು ನಂಗೂ ಸೇರಿದ್ದು ಅಂತ ಗ್ಯಾನ ಬಂದಿದ್ದು ಈಗ. ಬದುಕ್ಬೇಕು ಅಂತ ಆಸೆ ನಂಗಿಲ್ವಾ? ಅದೆ. ಆದ್ರೆ ಸತ್ರೂ ಯೇಸುಸ್ವಾಮಿ ನನ್ ಕೈ ಬುಡಾಕಿಲ್ಲ ಅಂತ ನಂಬ್ಕೊಂಡು ಮಲಗಿದೀನಿ. ಒಂದೊಂದ್ ಹೊತ್ತು ಅದೂ ಜಾರೋಯ್ತದೆ. ಎದ್ರಿಕೆ ಆಯ್ತದೆ. ಆವಾಗ ಪಕ್ಕದಲ್ಲಿ ನೀನಿರಕಿಲ್ಲ."

ಯಶೋದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಲೂರ್ದಮ್ಮ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಬಸ್‌ಸ್ಟ್ಯಾಂಡಿಗೆ ಹೋಗಿ ಎಚ್.ಡಿ. ಕೋಟೆಯ ಬಸ್ಸು ಹತ್ತಿ ಕೂತಳು. ಕೋಟೆಯಲ್ಲಿ ಇಳಿದು ಸರಗೂರಿಗೆ ಬೇರೆ ಬಸ್ಸು ಹಿಡಿಯಬೇಕಿತ್ತು. ಇಳಿದರೆ ಅನುಮಾನ ಪಟ್ಟ ಹಾಗೆ. ಹೋದರೆ, ಬರುವಷ್ಟರಲ್ಲಿ? ಬಸ್ಸು ಪೇಟೆ ದಾಟಿತು. ಕಂಡಕ್ಟರು ಬಂದು, "ಎಲ್ಲಿಗಮ್ಮ?" ಎಂದ. ಅವಳು ಹಿಂದಕ್ಕೆ ತಿರುಗಿ ಬಂದ ದಾರಿ ನೋಡಿದಳು. ಮತ್ತೊಮ್ಮೆ ಕೇಳಿದ. "ನಿಲ್ಸಣ್ಣ," ಎಂದಳು, "ಇಳೀಬೇಕು."

ಬಿಸಿಲಲ್ಲಿ ಎರಡು ಕಿಲೋಮೀಟರು ನಡೆದಳು, ಕೆಲವು ಕಡೆ ಓಡಿದಳು. ಮನೆಗೆ ಹೋಗದೆ ಸೀದಾ ಚರ್ಚಿನ ಪಕ್ಕದ ಗುರುಗಳ ಮನೆಗೆ ಹೋಗಿ ಬಾಗಿಲು ಬಡಿದಳು. ಫಾದರ್ ಬಾಗಿಲು ತೆರೆದಾಗ, "ನಾನು ಅನುಮಾನ ಪಟ್ಟಿದ್ಕೇ ವಾಸಿ ಆಗ್ನಿಲ್ವಾ ಫಾದರ್?" ಎಂದು ಕೇಳಿಯೇಬಿಟ್ಟಳು.

ಫಾದರ್ ಅವಳಿಗೆ ನೀರು ಕೊಟ್ಟರು. "ಯೇಸು ಶಿಲುಬೆ ಮೇಲೆ ಕೂಗಿಕೊಂಡರಲ್ಲಮ್ಮ, ತಂದೆಯೇ ಕೈಬಿಟ್ಟ ಹಾಗನಿಸಿ. ಆದರೂ ತಂದೆ ಕೈಬಿಡಲಿಲ್ಲ. ನಿಮ್ಮ ಅನುಮಾನಕ್ಕೆ ಹೆದರಿ ಓಡಿಹೋಗೋ ದೇವರಲ್ಲ ಅವನು" ಎಂದು ಹೇಳಿ, ಎಣ್ಣೆಯ ಕರಡಿಗೆ ತೆಗೆದುಕೊಂಡು ಅವಳ ಜೊತೆಯಲ್ಲೇ ಹೊರಟರು.

ಅರುಳಪ್ಪ ಬೆಂಡಾದ ಅಂಗೈಗಳನ್ನು ತಾನೇ ಮುಂದೆ ಚಾಚಿದ. ಎಣ್ಣೆ ಹಚ್ಚುವಾಗ ಲೂರ್ದಮ್ಮ ಅವನ ತಲೆಯ ಬಳಿ ಕೂತಿದ್ದಳು. "ಸುಳ್ಳೇಳಿದ್ದೆ," ಎಂದು ಪಿಸುಗುಟ್ಟಿದಳು. "ಅವತ್ತೇ ಗಂಟೆ ಕೇಳಿಸ್ತು ಕಣಮ್ಮಿ," ಎಂದು ಅವನು ನಕ್ಕ.

ಆಮೇಲೆ ಒಂಬತ್ತು ದಿನ ಇದ್ದ. ಅವಳ ಕಾಲು ಒಂದೇ ಸಲಕ್ಕೆ ಸುಮ್ಮನಾಗಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಏಳುವ ಹಾಗಾಗುತ್ತಿತ್ತು. ಎದ್ದು, ಮತ್ತೆ ಕೂರುತ್ತಿದ್ದಳು. ಅವನಿಗೆ ಹೆದರಿಕೆಯಾದಾಗ ಇಬ್ಬರೂ ಸೇರಿ ಜಪಸರ ಹೇಳುತ್ತಿದ್ದರು. ಅವನ ಮಾತು ನಿಂತಲ್ಲಿಂದ ಅವಳು ಮುಂದುವರಿಸುತ್ತಿದ್ದಳು. ಒಂದು ಗುರುವಾರ ಮಧ್ಯಾಹ್ನ ಅವನು ಹೋದ. ಅವಳು ಪಕ್ಕದಲ್ಲೇ ಇದ್ದಳು.

ಮಣ್ಣು ಮಾಡಿದ ಮೂರನೇ ವಾರ, ಭಾನುವಾರದ ಪೂಜೆ ಮುಗಿಸಿಕೊಂಡು ಬಂದವಳನ್ನು ಯಶೋದಮ್ಮ ಗೇಟಿನ ಹತ್ತಿರ ತಡೆದಳು. "ಬೇಜಾರು ಮಾಡ್ಕೋಬ್ಯಾಡ ಅಕ್ಕ. ಅಷ್ಟ್ ಬೇಡ್ಕೊಂಡ್ರೂ ಉಳೀನಿಲ್ವಲ್ಲ. ಎಂಗೆ ವೋಗ್ತೀಯ ಅಲ್ಲಿಗೆ?"

"ಜಗಳ ಆಡಕ್ಕೂ ವೋಯ್ತೀನಿ ಕಣೆ," ಎಂದಳು ಲೂರ್ದಮ್ಮ. "ಪೂಜೇಲಿ, ಸತ್ತೋರು ಎದ್ದು ಬತ್ತರೆ ಅಂತ ನಂಬ್ತೀವಿ ಅಂತ ಎಲ್ರೂ ಒಟ್ಗೆ ಹೇಳ್ತೀವಲ್ಲ, ಇವತ್ತು ಅಲ್ಲಿಗೆ ಬರೋ ಹೊತ್ಗೆ ನನ್ ಕೈಲಿ ಹೇಳಕ್ಕಾಗ್ನಿಲ್ಲ. ಪಕ್ಕದೋರು ಹೇಳ್ತಿದ್ರು. ಅವ್ರು ಹೇಳೋದ್ನ ಕೇಳ್ತಾ ನಿಂತಿದ್ದೆ. ನಮ್ಮನೆಯವ್ರಿಗೆ ಎದ್ರಿಕೆ ಆದಾಗ ನಾನು ಜಪ ಹೇಳ್ತಿರ್ನಿಲ್ವಾ, ಅಂಗೆ. ಕಾಯ್ತೀನಿ ಕಣೆ. ಒಂದಲ್ಲ ಒಂದಿನ ಅವ್ರ ಮಕ ನೋಡೇ ನೋಡ್ತೀನಿ."

ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು. ಯಶೋದಮ್ಮ ಅವಳ ಕೈ ಹಿಡಿದು ತನ್ನ ಮನೆಯೊಳಕ್ಕೆ ಕರೆದುಕೊಂಡು ಹೋಗಿ, ತಟ್ಟೆಯಲ್ಲಿ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಡಿಸಿದಳು.