ಸದ್ದು ನಿಲ್ಲಿಸಿದ ಚರ್ಮದ ತುಂಡು

ನಮ್ಮ ಕಡೆಯ ಮೋಟಾರು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಯಾರೋ ದೊಡ್ಡವರು ಹತ್ತು ವರ್ಷ ಓಡಿಸಿ ಮಾರಿದ ಐದು ಜನರ ಕಾರು. ಅದರ ಹಿಂಭಾಗ ಕೊಯ್ದು, ಉದ್ದ ಮಾಡಿ, ಹಲಗೆ ಬಡಿದು ಹತ್ತು ಜನರ ಬಸ್ಸು ಮಾಡುತ್ತಾರೆ. ಹತ್ತು ಜನ ಎಂದು ಬರೆದ ಕಡೆ ನಾವು ಹದಿನೈದು ಜನ ಕೂರುತ್ತೇವೆ. ಈಗ ಯುದ್ಧ ಬಂದು ಪೆಟ್ರೋಲು ಸಿಗದೆ, ಅದರ ಬೆನ್ನಿಗೆ ಇದ್ದಿಲು ಗ್ಯಾಸಿನ ಡ್ರಮ್ಮು ಬೇರೆ ಕಟ್ಟಿದ್ದಾರೆ. ಆ ಡ್ರಮ್ಮೊಂದೇ ಮೂರು ಮೂಟೆ ರಾಗಿಯ ತೂಕ. ಇಷ್ಟೆಲ್ಲ ಹೊತ್ತು ಗಾಡಿ ಹಳ್ಳ ದಿಣ್ಣೆ ಹತ್ತಿ ಇಳಿಯುವಾಗ ಕೆಳಗೆಲ್ಲೋ ಕಟಕ್ ಕಟಕ್ ಎನ್ನುತ್ತದೆ. ಯಾರೂ ಬಗ್ಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ನಾನು ಬೆಟ್ಟದಪುರದ ಶಾಲೆಯ ಮೇಷ್ಟ್ರು. ಮನೆ ಹುಣಸೂರಿನಲ್ಲಿ, ಮಸೀದಿಯ ಹಿಂದಿನ ಬೀದಿ. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಮಧ್ಯಾಹ್ನ ವಾಪಸು. ಎರಡೂ ಸಲ ಅಬ್ದುಲ್ ಸತ್ತಾರನ ಗಾಡಿಯೇ. ಸತ್ತಾರ್ ನಮ್ಮ ಎದುರು ಮನೆಯವನು. ಗಾಡಿ ಓಡಿಸುವವನು ಅವನು. ಅವನ ಅಣ್ಣ ಅಬ್ದುಲ್ ರಹಮಾನ್ ಹಿಂದಿನ ಮೆಟ್ಟಿಲ ಮೇಲೆ ನಿಂತು ಡ್ರಮ್ಮಿಗೆ ಇದ್ದಿಲು ಹಾಕುತ್ತಿದ್ದ. ಹೊಗೆ, ಬೂದಿ, ಶಾಖ ಎಲ್ಲ ಅಣ್ಣನಿಗೆ. ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ, ಆ ಒಂದು ಗಾಡಿಯಿಂದಲೇ ನಡೆಯುತ್ತಿತ್ತು.

ಅವರಪ್ಪ ಮೂವತ್ತು ವರ್ಷ ಜಟಕಾ ಹೊಡೆದವನು. ಸತ್ತಾಗ ಮಕ್ಕಳಿಗೆ ಬಿಟ್ಟುಹೋದದ್ದು ಒಂದು ಚಾವಟಿ, ಒಂದು ಬಿದಿರಿನ ಗೊಟ್ಟ. ಆ ಗೊಟ್ಟದಲ್ಲಿ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಗಾಡಿಯ ಅಚ್ಚಿಗೆ ಹಾಕುತ್ತಾರಲ್ಲ, ಅದು. ಸತ್ತಾರ್ ಆ ಗೊಟ್ಟವನ್ನು ತನ್ನ ಮೋಟಾರಿನ ಕೆಳಗೂ ತೂಗುಹಾಕಿದ್ದ. ಎಲ್ಲಿ ಕಿರ್ ಎಂದರೂ ಒಂದು ಕಡ್ಡಿಯಲ್ಲಿ ಅದ್ದಿ ಬಳಿಯುತ್ತಿದ್ದ. ಅಪ್ಪನ ವಿದ್ಯೆ ಎಂದು ಅವನಿಗೆ ಹೆಮ್ಮೆ. ನೋಡುವ ನಮಗೂ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಲಕ್ಷ್ಮಣತೀರ್ಥದ ಸೇತುವೆ ಹತ್ತಿರ ಇಮಾಮ್ ಸಾಬರ ಶೆಡ್ಡು. ವಯಸ್ಸಾದ ಫಿಟ್ಟರು, ಬಾಯಿ ಸ್ವಲ್ಪ ಜೋರು. ಒಂದು ಸೋಮವಾರ ಗಾಡಿ ಅವರ ಶೆಡ್ಡಿನ ಮುಂದೆ ಹೋಗುತ್ತಿದ್ದಾಗ ಕೈ ಅಡ್ಡ ಹಾಕಿ ನಿಲ್ಲಿಸಿದರು. ಒಂದು ಕಬ್ಬಿಣದ ಸಲಾಕೆ ಹಿಡಿದು, ಪಂಚೆ ಎತ್ತಿ ಕಟ್ಟಿ, ಗಾಡಿಯ ಕೆಳಗೆ ನುಗ್ಗಿದರು. ಹಿಂದಿನ ಎಡ ಚಕ್ರದ ಹತ್ತಿರ ಸಲಾಕೆ ಕೊಟ್ಟು ಮೀಟಿದರು. ಕಟಕ್ ಎಂದಿತು.

"ಕೇಳಿಸ್ತಾ ಸತ್ತಾರ್?"

"ಹಳೇ ಗಾಡಿ ಮಾಮು. ಮುದುಕರಿಗೆ ಮಂಡಿ ಶಬ್ದ ಬರಲ್ವಾ, ಅಂಗೆ."

"ಮಂಡಿ ಅಲ್ಲ ಕಣಪ್ಪಾ, ಇದು ಬುಷ್ಷು. ಇಲ್ಲಿ ಬಂದು ನೋಡು." ಸತ್ತಾರ್ ಬರಲಿಲ್ಲ. ರಹಮಾನ್ ಇಳಿದು ಬಂದ. ನಾನೂ ಕುತೂಹಲಕ್ಕೆ ಬಗ್ಗಿದೆ. "ನೋಡಿ ಮೇಷ್ಟ್ರೇ, ಗಾಡಿ ಭಾರ ಹೊರೋ ಈ ಕಮಾನು ಪಟ್ಟಿ ಐತಲ್ಲ, ಇದರ ತುದೀಲಿ ಒಂದು ಸುರುಳಿ. ಸುರುಳಿ ಒಳಗೆ ಬೆರಳುದ್ದ ಕಂಚಿನ ಕೊಳವೆ. ಅದೇ ಬುಷ್ಷು. ಅದರೊಳಗೆ ಕಬ್ಬಿಣದ ಪಿನ್ನು. ಇಡೀ ಹಿಂದಿನ ಅಚ್ಚನ್ನ ಅದರ ಜಾಗದಲ್ಲಿ ಹಿಡಿದಿರೋದು ಈ ಪಿನ್ನೇಯ. ಕಂಚು ಮೆತ್ತಗೆ, ತಾನು ಸವೆದು ಪಿನ್ನನ್ನ ಉಳಿಸ್ತದೆ. ಅದು ಸವೆದ ಮೇಲೆ ಬೇರೆ ಹಾಕಲೇಬೇಕು. ಹಾಕದಿದ್ದರೆ ಪಿನ್ನು ಸವೀತದೆ. ಪಿನ್ನು ಮುರಿದರೆ ಅಚ್ಚು ಜರುಗ್ತದೆ. ಆಮೇಲೆ ಸ್ಟೇರಿಂಗು ಯಾರ ಕೈಲಿದ್ದರೇನು?"

"ಸಡಿಲಾಗಿ ಆಡ್ತಾ ಇರೋದು ಎಷ್ಟು?" ರಹಮಾನ್ ಕೇಳಿದ.

"ಉಗುರಿನ ದಪ್ಪ ಆಡಿದರೆ ಬದಲಾಯಿಸು ಅಂತಾರೆ. ಇದು ಬೆರಳು ಹೋಗೋಷ್ಟು ಆಡ್ತಾ ಅದೆ. ಕಾರು ಮಾಡಿದೋನು ಐದು ಜನಕ್ಕೆ ಮಾಡಿದ್ದು ಕಣ್ರಪ್ಪಾ. ನೀವು ಊರನ್ನೇ ಹೇರಿದ್ದೀರಿ. ಹೇರು ಜಾಸ್ತಿಯಾದ ಮೇಲೆ ಬುಷ್ಷು ಬೇಗ ಸವೀತದೆ, ಬೇಗ ಬೇಗ ನೋಡಬೇಕು. ಅದಕ್ಕೆ ಈ ಕರಿ ಕೀಲೆಣ್ಣೆ ಬೇರೆ! ಮರದ ಅಚ್ಚಿಗೆ ಸರಿ ಅದು. ಇಲ್ಲಿ ಆ ಕರಿ, ದಾರಿ ಧೂಳು ಎರಡೂ ಸೇರಿ ಸಾಣೆ ಹಿಡಿದಂಗೆ ಕಂಚನ್ನ ತಿಂತಾ ಅವೆ. ಒಂದಿನ ಗಾಡಿ ಬಿಡು. ಹೊಸ ಬುಷ್ಷು ಕಡೆದು ಹಾಕಿಕೊಡ್ತೀನಿ."

"ಒಂದಿನ ನಿಲ್ಲಿಸೋಣ ಬುಡು ಸತ್ತಾರ್," ಎಂದ ರಹಮಾನ್.

ಸತ್ತಾರನಿಗೆ ರೇಗಿತು. "ಏನ್ ಭಾಯಿ ನೀವೂ! ಜನ ಕಾಯ್ತಾ ಕೂತಿದ್ದಾರೆ. ಬರೋ ವಾರ ನೋಡೋಣ."

"ನಿಮ್ಮಪ್ಪ ಕುದುರೆ ಕುಂಟಿದರೆ ಜಟಕಾ ಕಟ್ತಿದ್ನೇನೋ?" ಇಮಾಮ್ ಸಾಬರು ಕೇಳಿದರು.

"ಕುದುರೆಗೆ ಜೀವ ಇರ್ತದೆ ಮಾಮು. ಇದು ಕಬ್ಬಿಣ."

"ಕಬ್ಬಿಣಕ್ಕಿಲ್ಲ. ಮೇಲೆ ಕೂತೋರಿಗೆ ಅದೆಯಲ್ಲ!"

ಗಾಡಿಯಲ್ಲಿದ್ದವರು ಏನು ಮಾಡಿದರು ಗೊತ್ತೇ? "ಹೊತ್ತಾಯ್ತು, ಹೊರಡಿ" ಎಂದು ಗಲಾಟೆ ಮಾಡಿದರು. ನನಗೂ ಶಾಲೆಯ ಗಂಟೆಯ ಚಿಂತೆ. ಹತ್ತಿ ಕೂತೆ.

ಆ ವಾರದಲ್ಲೇ ಸತ್ತಾರ್ ತನ್ನ ಬುದ್ಧಿವಂತಿಕೆ ತೋರಿಸಿದ. ಹಳೆಯ ಎಕ್ಕಡದ ಅಟ್ಟೆ ಕೊಯ್ದು, ಆ ಚರ್ಮವನ್ನು ಒಂದು ರಾತ್ರಿ ಕೀಲೆಣ್ಣೆಯಲ್ಲಿ ನೆನೆಸಿ, ಕಮಾನಿನ ಸುರುಳಿಯ ಅಕ್ಕಪಕ್ಕದ ಸಂದಿಗೆ ಸುತ್ತಿಗೆಯಿಂದ ಬಡಿದು ತುರುಕಿದ. ಜಟಕಾದ ಚಕ್ರ ಅಲುಗಾಡಿದರೆ ಅವರಪ್ಪ ಹಾಗೆಯೇ ಮಾಡುತ್ತಿದ್ದನಂತೆ. ಮುಂದಿನ ಸೋಮವಾರ ಗಾಡಿ ಹೊರಟಾಗ ಸದ್ದೇ ಇಲ್ಲ.

ಬೆಟ್ಟದಪುರದ ಚಲುವಯ್ಯ ಎಂಬ ರೈತ ನನ್ನ ಪಕ್ಕ ಕೂತಿದ್ದ. ಅವನಂತೂ ಹಿಗ್ಗಿದ. "ಪಸಂದಾಗದೆ ಕಣ್ ಸಾಬ್ರೇ! ತೊಟ್ಟಿಲಂಗೆ ಓಯ್ತಾ ಅದೆ."

"ನೋಡಿದ್ರಾ ಮೇಷ್ಟ್ರೇ? ಒಂದು ತುಂಡು ಅಟ್ಟೆ, ಅಷ್ಟೇಯ," ಎಂದ ಸತ್ತಾರ್.

ನಾನು ಏನೆಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಹೋದರೆ ಈ ಕಥೆ ಸುಳ್ಳಾಗುತ್ತದೆ. "ಶಹಭಾಸ್ ಸತ್ತಾರ್, ಇನ್ನು ನೆಮ್ಮದಿಯಾಗಿ ಪೇಪರು ಓದಬಹುದು" ಎಂದೆ. ಶಾಲೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವನು ನಾನು!

ಇಮಾಮ್ ಸಾಬರು ಆ ಸಲವೂ ಸುಮ್ಮನಿರಲಿಲ್ಲ. ಗಾಡಿ ಹಾದುಹೋಗುವಾಗ ಕೂಗಿದರು. "ಸದ್ದು ನಿಲ್ಲಿಸಿದೆ, ಸವೆಯೋದನ್ನ ನಿಲ್ಲಿಸಿದ್ಯೇನೋ? ಅಳೋ ಮಗು ಬಾಯಿಗೆ ಬಟ್ಟೆ ತುರುಕಿದಂಗಾಯ್ತು!" ಸತ್ತಾರ್ ಹಾರನ್ನು ಒತ್ತಿ ನಗುತ್ತಾ ಹೋದ.

ಸತ್ತಾರನ ಮನೆಯಲ್ಲಿ ಸದ್ದು ನಿಂತದ್ದಕ್ಕೆ ಬೇಸರಪಟ್ಟವಳು ಒಬ್ಬಳೇ, ರಹಮಾನನ ಹೆಂಡತಿ ಜಾನ್ ಬೀ. ಗೋಷಾ ಹೆಂಗಸು, ಬಾಗಿಲ ಪರದೆ ದಾಟಿದವಳಲ್ಲ. ನನ್ನ ಹೆಂಡತಿ ಸುನಂದಮ್ಮ ಹಿತ್ತಿಲಿನಿಂದ ಹೋಗಿ ಅವಳ ಜೊತೆ ಮಾತಾಡಿ ಬರುತ್ತಿದ್ದಳು. ಅವಳ ಹತ್ತಿರ ಜಾನ್ ಬೀ ಹೇಳಿದಳಂತೆ. "ಗಾಡಿ ಬೀದಿ ತಿರುಗೋವಾಗ ಕಟಕ್ ಅಂತಿತ್ತು ಅಕ್ಕಾ. ಅದನ್ನ ಕೇಳಿ ಒಲೆ ಮೇಲೆ ಚಾ ಇಡ್ತಿದ್ದೆ. ಈಗ ಅವರು ಬಂದು ಬಾಗಿಲಲ್ಲಿ ನಿಂತರೂ ಗೊತ್ತಾಗಲ್ಲ."

ಅಟ್ಟೆ ತುರುಕಿದ ಮೇಲೆ ಐದನೆಯ ವಾರದ ಶನಿವಾರ. ಮಧ್ಯಾಹ್ನ ಶಾಲೆ ಮುಗಿಸಿ ಗಾಡಿ ಹತ್ತಿದೆ. ಹದಿನಾರು ಜನ, ಮೇಲೆ ನಾಲ್ಕು ಮೂಟೆ. ದಾರಿಯಲ್ಲಿ ಒಂದು ಕೆರೆ ಏರಿ ಬರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳು ಆಳಕ್ಕೆ ಗದ್ದೆ. ಏರಿಯ ನಡುವೆ ಒಂದು ಗುಂಡಿ. ಗಾಡಿ ಇಳಿದು ಹತ್ತಿತು. ಢಣ್ ಎಂದು ಒಂದೇ ಒಂದು ಸದ್ದು.

ಗಾಡಿಯ ಹಿಂಭಾಗ ಎಡಕ್ಕೆ ಎಳೆಯಿತು. ಸತ್ತಾರ್ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಮುಂದಿನ ಚಕ್ರ ಅವನ ಮಾತು ಕೇಳಿತು, ಹಿಂದಿನವು ಕೇಳಲಿಲ್ಲ. "ಭಾಯಿ, ಹಾರಿಬಿಡಿ!" ಎಂದು ಅವನು ಕೂಗಿದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಗಾಡಿ ಗದ್ದೆಯ ಕಡೆಗೆ ಮಗುಚಿತ್ತು.

ನನ್ನ ಕೈ ಮುರಿಯಿತು. ಚಲುವಯ್ಯನ ಕಾಲು ಹೋಯಿತು, ಇವತ್ತಿಗೂ ಕೋಲು ಹಿಡಿದೇ ಹೊಲಕ್ಕೆ ಹೋಗುತ್ತಾನೆ. ಉಳಿದವರು ಕೆಸರಿನಿಂದ ಎದ್ದರು. ಹಿಂದಿನ ಮೆಟ್ಟಿಲ ಮೇಲಿದ್ದ ರಹಮಾನ್ ಏಳಲಿಲ್ಲ. ಕೆಂಡ ತುಂಬಿದ ಡ್ರಮ್ಮು ಅವನ ಮೇಲೆ ಬಿದ್ದಿತ್ತು. ಅದನ್ನು ಎತ್ತಲು ಸತ್ತಾರ್ ಬರಿಗೈ ಹಾಕಿದ. ಎರಡೂ ಅಂಗೈ ಬೆಂದವು. ಉಳಿದವರು ರಹಮಾನನನ್ನು ಮೇಲಕ್ಕೆ ಹೊತ್ತು ತಂದರು. ಹೊತ್ತು ಮುಳುಗುವ ಮುಂಚೆ ಅವನು ಅಲ್ಲೇ ಏರಿಯ ಮೇಲೆ ಪ್ರಾಣ ಬಿಟ್ಟ. ಅದಕ್ಕೂ ಮುಂಚೆ ಅವನು ನೀರು ಕೇಳಿದ. ಅಷ್ಟು ದೊಡ್ಡ ಕೆರೆ ಪಕ್ಕದಲ್ಲಿತ್ತು, ಅವನಿಗೆ ಒಂದು ಗುಟುಕೂ ಇಳಿಯಲಿಲ್ಲ.

ಆ ಸಂಜೆ ಜಾನ್ ಬೀ ಚಾ ಇಟ್ಟು ಕಾಯುತ್ತಿದ್ದಳಂತೆ. ಈಗ ಸದ್ದಿಲ್ಲವಲ್ಲ, ಬಂದರೂ ಬಂದಿರಬಹುದು ಎಂದು ಮೂರು ಸಲ ಪರದೆ ಸರಿಸಿ ನೋಡಿದಳಂತೆ.

ಮಣ್ಣು ಮಾಡಿದ ಮೂರನೆಯ ದಿನ ಇಮಾಮ್ ಸಾಬರು ಮುರಿದ ಪಿನ್ನು ಬಿಚ್ಚಿ ತಂದು ಸತ್ತಾರನ ಮುಂದಿಟ್ಟರು. ನಾನೂ ಅಲ್ಲಿದ್ದೆ. ಹೆಬ್ಬೆರಳು ದಪ್ಪದ ಪಿನ್ನು ನಡುವೆ ಕಡ್ಡಿಯಷ್ಟಾಗಿತ್ತು. ಕಂಚಿನ ಬುಷ್ಷು ಎಲೆಯ ಹಾಗೆ ತೆಳುವಾಗಿ ಹರಿದಿತ್ತು. ಅದರ ಪಕ್ಕ ಆ ಚರ್ಮದ ತುಂಡು. ಅದು ಮಾತ್ರ ಚೆನ್ನಾಗಿಯೇ ಇತ್ತು. ಮುದುಕ ಬೈಯಬಹುದು ಎಂದುಕೊಂಡಿದ್ದೆ, ಬೈಯಲಿಲ್ಲ.

"ಸದ್ದು ಇದ್ದಿದ್ರೆ ಯಾವತ್ತಾದರೂ ಒಂದಿನ ನೀನೇ ಹೆದರಿ ಬರ್ತಿದ್ದೆ ಕಣಪ್ಪಾ," ಎಂದರು ಅಷ್ಟೇ.

ಸತ್ತಾರ್ ಬಟ್ಟೆ ಸುತ್ತಿದ ಕೈಗಳಿಂದ ಮುಖ ಮುಚ್ಚಿಕೊಂಡ. "ನಮ್ಮಣ್ಣನ್ನ ನಾನೇ ತಿಂದೆ ಮಾಮು." ಅಲ್ಲ ಎನ್ನುವ ಯೋಗ್ಯತೆ ನನಗೂ ಇರಲಿಲ್ಲ.

ಗಾಡಿಯನ್ನು ಇಮಾಮ್ ಸಾಬರ ಶೆಡ್ಡಿಗೆ ಎಳೆದು ತಂದರು. ಅವರು ನಾಲ್ಕು ಕಮಾನಿಗೂ ಹೊಸ ಬುಷ್ಷು ಕಡೆದು, ಹೊಸ ಪಿನ್ನು ಹಾಕಿ, ಮುರಿದ ಹಲಗೆ ಸರಿಮಾಡಿ, ಎದುರು ಮನೆಯ ಅಂಗಳದಲ್ಲಿ ತಂದು ನಿಲ್ಲಿಸಿದರು. ಸತ್ತಾರ್ ಮುಟ್ಟಲಿಲ್ಲ. ಎರಡು ಸಂಸಾರ, ಐದು ಮಕ್ಕಳು, ಓಡದ ಗಾಡಿ. ಹಾಗೇ ತಿಂಗಳುಗಳು ಕಳೆದವು.

ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ಜಾನ್ ಬೀ ಇಮಾಮ್ ಸಾಬರಿಗೆ ಹೇಳಿಕಳಿಸಿದಳು. ಬುರ್ಖಾ ಹಾಕಿಕೊಂಡು ಅಂಗಳಕ್ಕೆ ಬಂದು ನಿಂತಳು. ಮನೆಯಲ್ಲಿ ಅವರು ಆಡುವುದು ಉರ್ದು. ಅವಳ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಹಳೇ ಬುಷ್ಷು, ಪಿನ್ನು ಇದೆಯಾ ಮಾಮು?"

ಇಮಾಮ್ ಸಾಬರು ಚೀಲದಿಂದ ತೆಗೆದು, ಪಿನ್ನಿನ ತುಂಡನ್ನು ಸವೆದ ಕೊಳವೆಯೊಳಗೆ ಹಾಕಿ ಅಲುಗಾಡಿಸಿದರು. ಕಟಕ್ ಕಟಕ್.

"ಇದೇನಾ ಆ ಸದ್ದು?"

"ಇದೇ ಅಮ್ಮಾ."

ಅವಳು ಅವನ್ನು ತನ್ನ ಕೈಗೆ ತೆಗೆದುಕೊಂಡಳು. "ಇದನ್ನ ಕೇಳಿ ದಿನಾ ಸಂತೋಷ ಪಡ್ತಿದ್ದೆ ಮಾಮು. ಮನೆಗೆ ಬಂದರು ಅಂತ."

ಮುದುಕ ಕಣ್ಣೊರೆಸಿಕೊಂಡರು. ಜಾನ್ ಬೀ ಸತ್ತಾರನ ಕಡೆ ತಿರುಗಿದಳು. "ಮಕ್ಕಳು ಉಣ್ಣಬೇಕು, ಗಾಡಿ ತೆಗಿ. ಆದರೆ ಶುಕ್ರವಾರ ಗಾಡಿ ಹೊರಡಕೂಡದು. ನಮಾಜಿಗೆ ಮುಂಚೆ ಬುಷ್ಷು ನೋಡಬೇಕು, ಆಮೇಲೆ ನೀನು ಮಸೀದಿಗೆ ಹೋಗಬೇಕು. ನೋಡೋದು ಹ್ಯಾಗೆ ಅಂತ ಮಾಮು ನನಗೂ ಕಲಿಸಲಿ."

"ನೀವ್ಯಾಕೆ ಭಾಬಿ? ನಾನೇ ನೋಡ್ತೀನಿ."

"ನೀನು ನೋಡು. ನೀನು ನೋಡಿದ ಮೇಲೆ ನಾನೂ ನೋಡ್ತೀನಿ."

ಸತ್ತಾರ್ ಎದ್ದು ಹೋಗಿ ಗಾಡಿಯ ಕೆಳಗಿನ ಗೊಟ್ಟ ಬಿಚ್ಚಿದ. ಅಪ್ಪನ ಗೊಟ್ಟ. ಒಲೆಗೆ ಹಾಕಿದ.

ಈಗ ಪ್ರತಿ ಶುಕ್ರವಾರ ಬೆಳಿಗ್ಗೆ ಎದುರು ಮನೆಯ ಅಂಗಳದಲ್ಲಿ ಗಾಡಿಯನ್ನು ಜಾಕಿ ಕೊಟ್ಟು ಎತ್ತುತ್ತಾರೆ, ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ಮರದ ದಿಮ್ಮಿ ಇಡುತ್ತಾರೆ. ಸತ್ತಾರ್ ಸೀಮೆಎಣ್ಣೆ ಬಟ್ಟೆಯಿಂದ ಕಮಾನಿನ ತುದಿ ಒರೆಸಿ, ಒಳಗಿನ ಹಳೆಯ ಕೊಳೆ ಹೊರಬಂದು ಶುದ್ಧ ಗ್ರೀಸು ಕಾಣುವವರೆಗೂ ಹೊಸ ಗ್ರೀಸು ತುಂಬುತ್ತಾನೆ. ಬುರ್ಖಾದೊಳಗಿಂದ ಒಂದು ಕೈ ಬರುತ್ತದೆ, ಸಲಾಕೆ ಹಿಡಿಯುತ್ತದೆ, ಒಂದೊಂದು ಕಮಾನನ್ನೂ ಮೀಟುತ್ತದೆ. ಹೊಸದಾಗಿ ಹಾಕಿದ ಬುಷ್ಷು ಕೂಡ ಹೋದ ತಿಂಗಳು ಉಗುರಿನಷ್ಟು ಆಡಿತು. ಎರಡು ದಿನ ಗಾಡಿ ನಿಂತಿತು. ಬೀದಿಯಲ್ಲಿ ಕಾಯುತ್ತಿದ್ದವರು ಗೊಣಗಿದರು. ಸತ್ತಾರ್ ಅವರ ಮುಂದೆ ತನ್ನ ಸುಟ್ಟ ಅಂಗೈ ಬಿಡಿಸಿ ಹಿಡಿದ.

ಗಾಡಿ ಇಟ್ಟವರೇ, ನಿಮ್ಮ ಕಾರನ್ನು ಕೊಯ್ದು ಉದ್ದ ಮಾಡಿದ್ದೀರಿ, ಡ್ರಮ್ಮು ಕಟ್ಟಿದ್ದೀರಿ. ಅದು ಹೊರುವ ಭಾರ ಎಲ್ಲಿ ಕೂರುತ್ತದೆಂದು ವಾರಕ್ಕೊಮ್ಮೆ ಬಗ್ಗಿ ನೋಡಿ. ಯುದ್ಧದ ಕಾಲ, ಸಾಮಾನು ಸಿಗುವುದಿಲ್ಲ ಎನ್ನಬೇಡಿ. ಕಂಚಿನ ತುಂಡಿದ್ದರೆ ಕಡೆದುಕೊಡುವ ಫಿಟ್ಟರು ನಮ್ಮಲ್ಲೇ ಇದ್ದಾರೆ. ಚರ್ಮ, ಚಿಂದಿ, ನಾರು ತುರುಕಬೇಡಿ. ಕೀಲೆಣ್ಣೆಯನ್ನು ಎತ್ತಿನ ಗಾಡಿಗೆ ಬಿಡಿ.

ಹತ್ತಿ ಕೂರುವವರೇ, ನಿಮಗೂ ಒಂದು ಮಾತು. ಹಿಂದಿನ ಮೆಟ್ಟಿಲ ಮೇಲೆ ಯಾವಾಗಲೂ ಒಬ್ಬ ನಿಂತಿರುತ್ತಾನೆ, ಅವನಿಗೂ ಒಂದು ಮನೆ ಇರುತ್ತದೆ. ಗಾಡಿ ಕಟಕ್ ಎಂದರೆ "ಇದೇನಪ್ಪಾ ಸದ್ದು?" ಎಂದು ಕೇಳಿ. ಇದ್ದ ಸದ್ದು ತಾನಾಗಿ ನಿಂತರೆ "ಯಾಕಪ್ಪಾ ನಿಂತಿತು?" ಎಂದು ಕೇಳಿ. ಹೊತ್ತಾದರೆ ಆಗಲಿ, ಇಳಿದು ನಿಂತು ಕೇಳಿ. ನಾನು ಅವತ್ತು ಕೇಳಲಿಲ್ಲ.